ಅಜ್ಜನ ರಿವಾಲ್ವರ್ ನನಗೆ ಯಾಕೆ ಇಷ್ಟ, ಆದರೂ ಯಾಕೆ ಬೇಡ

ಅಜ್ಜ ತೀರಿಕೊಂಡ ಹದಿನಾಲ್ಕನೇ ದಿನ, ನೆಂಟರೆಲ್ಲ ಹೋದ ಮೇಲೆ, ದೊಡ್ಡಪ್ಪ ನನ್ನನ್ನು ಜಗಲಿಗೆ ಕರೆದರು. "ಅದೊಂದಿದೆಯಲ್ಲೋ, ಏನ್ ಮಾಡೋದು? ನಮಗ್ಯಾರಿಗೂ ಬೇಡ. ನೀನ್ ಬರೆಯೋದೆಲ್ಲ ನೋಡಿದ್ರೆ ನಿಂಗೇ ಬೇಕಾಗಬಹುದು. ತಗೊಂಡ್ಬಿಡು ಮಾರಾಯ."

'ಅದು' ಅಂದರೆ ಅಜ್ಜನ .32 ರಿವಾಲ್ವರ್. ಕಾನ್ಪುರದ ಸರ್ಕಾರಿ ಕಾರ್ಖಾನೆಯದ್ದು. ಸಕಲೇಶಪುರದ ಕಡೆ ಒಂದಿಷ್ಟು ಕಾಫಿ, ಒಂದಿಷ್ಟು ಮೆಣಸು ಇಟ್ಟುಕೊಂಡಿದ್ದ ಅಜ್ಜ ಪ್ರತಿ ಶನಿವಾರ ಬ್ಯಾಂಕಿನಿಂದ ಬಟವಾಡೆ ದುಡ್ಡು ತರಬೇಕಿತ್ತು. ಆ ಕಾರಣ ಬರೆದು 1999ರಲ್ಲಿ ಲೈಸೆನ್ಸ್ ಮಾಡಿಸಿದ್ದರು. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಅದನ್ನು ಯಾರ ಮೇಲೂ ಎತ್ತಲಿಲ್ಲ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಟೇಬಲ್ ಮೇಲೆ ಹಳೇ ಪಂಚೆ ಹಾಸಿ, ಬಿಚ್ಚಿ, ಎಣ್ಣೆ ಹಾಕಿ ಒರೆಸಿ, ಮತ್ತೆ ಬೀರುವಿನಲ್ಲಿ ಇಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಮುಂದೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಯಾಕೆ ತಗೊಂಡೆ ಅಂತ ಯಾರಾದರೂ ಕೇಳಿದರೆ ಸ್ಕೋಪ್ ಇತ್ತು ಅಂತ ಸುಳ್ಳು ಹೇಳುತ್ತೇನೆ. ನಿಜವಾದ ಕಾರಣ ಆ ಟೇಬಲ್.

ಹಾಗಾಗಿ ಮೊದಲೇ ಒಪ್ಪಿಕೊಂಡುಬಿಡ್ತೀನಿ. ಬಂದೂಕು ರಾಜಕಾರಣದ ಬಗ್ಗೆ ನನ್ನ ನಿಲುವು ಏನೇ ಇರಲಿ, ನನಗೊಂದು ಮೆಚ್ಚಿನ ರಿವಾಲ್ವರ್ ಇದೆ. ಅದು ವೆಬ್ಲಿ ಮಾದರಿಯದ್ದು, ನಡು ಮುರಿದು ತೆರೆಯುವಂಥದ್ದು. ಅಜ್ಜನದ್ದು ಅದೇ ವಂಶ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮ ಪತ್ರಿಕೆಗಳಲ್ಲಿ ಪಿಸ್ತೂಲು, ರಿವಾಲ್ವರ್ ಎರಡನ್ನೂ ಮನಸ್ಸಿಗೆ ಬಂದಂತೆ ಬಳಸುತ್ತಾರೆ. ಒಂದೇ ಸುದ್ದಿಯ ಶೀರ್ಷಿಕೆಯಲ್ಲಿ ರಿವಾಲ್ವರ್ ಇದ್ದದ್ದು ಮೂರನೇ ಪ್ಯಾರಾದಲ್ಲಿ ಪಿಸ್ತೂಲು ಆಗಿರುತ್ತೆ. ಎರಡೂ ಒಂದೇ ಅಲ್ಲ. ರಿವಾಲ್ವರ್‌ನಲ್ಲಿ ತೋಟೆಗಳು ಒಂದು ತಿರುಗುವ ಸಿಲಿಂಡರ್‌ನಲ್ಲಿ ಇರುತ್ತವೆ, ಸಾಮಾನ್ಯವಾಗಿ ಆರು. ಪಿಸ್ತೂಲಿನಲ್ಲಿ ಅವು ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಗುಂಡು ಹಾರಿದ ರಭಸದಲ್ಲೇ ಮೇಲಿನ ಸ್ಲೈಡ್ ಹಿಂದಕ್ಕೆ ಸರಿದು, ಖಾಲಿ ಕೋಶವನ್ನು ಹೊರಗೆ ಎಸೆದು, ಹೊಸದನ್ನು ಎಳೆದುಕೊಳ್ಳುತ್ತೆ. ಚಂದ್ರಶೇಖರ ಆಜಾದರ ಕೈಯಲ್ಲಿದ್ದದ್ದು ಕೋಲ್ಟ್ ಪಿಸ್ತೂಲು. ಗಾಂಧೀಜಿಯನ್ನು ಕೊಂದದ್ದು ಇಟಲಿಯ ಬೆರೆಟ್ಟಾ, ಅದೂ ಪಿಸ್ತೂಲೇ. ಆದರೆ 1932ರ ಫೆಬ್ರವರಿ 6ರಂದು ಕಲ್ಕತ್ತಾ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಗವರ್ನರ್ ಸ್ಟ್ಯಾನ್ಲಿ ಜಾಕ್ಸನ್ ಮೇಲೆ ಬೀನಾ ದಾಸ್ ಗುಂಡು ಹಾರಿಸಿದ್ದು ರಿವಾಲ್ವರ್‌ನಿಂದ. ಆಕೆಗೆ ಆಗ ಇಪ್ಪತ್ತು ವರ್ಷ. ಗುರಿ ತಪ್ಪಿತು, ಒಂಬತ್ತು ವರ್ಷ ಜೈಲು ಆಯ್ತು. ಅದನ್ನು ಆಕೆಗೆ ತಂದುಕೊಟ್ಟವರು ಇನ್ನೊಬ್ಬ ಕ್ರಾಂತಿಕಾರಿ ಮಹಿಳೆ, ಕಮಲಾ ದಾಸ್‌ಗುಪ್ತಾ.

ಈಗ ಯಂತ್ರದ ವಿಷಯ. ಸೈಕಲ್ ತುಳಿಯೋದು ನಿಲ್ಲಿಸಿದಾಗ ಹಿಂದಿನ ಚಕ್ರದಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಬರುತ್ತಲ್ಲ, ಅದು ರ‍್ಯಾಚೆಟ್. ಹಲ್ಲಿರುವ ಚಕ್ರ, ಅದಕ್ಕೆ ತಾಗುವ ಒಂದು ಸಣ್ಣ ಕೊಕ್ಕೆ. ರಿವಾಲ್ವರ್‌ನ ಹೃದಯ ಇಷ್ಟೇ. ಟ್ರಿಗರ್ ಎಳೆಯುತ್ತಿದ್ದಂತೆ ಒಳಗಿನ ಕೊಕ್ಕೆ ಮೇಲೆದ್ದು ಸಿಲಿಂಡರ್‌ನ ಹಿಂಬದಿಯ ಹಲ್ಲನ್ನು ತಳ್ಳುತ್ತೆ. ಸಿಲಿಂಡರ್ ಸರಿಯಾಗಿ ಅರವತ್ತು ಡಿಗ್ರಿ ತಿರುಗುತ್ತೆ. ಕೆಳಗಿನಿಂದ ಒಂದು ಬೀಗದಂಥ ತುಂಡು ಎದ್ದು ಅದನ್ನು ಅಲ್ಲೇ ಹಿಡಿದು ನಿಲ್ಲಿಸುತ್ತೆ. ಅಷ್ಟರಲ್ಲಿ ಹಿಂದಿನ ಕುದುರೆ ಪೂರ್ತಿ ಹಿಂದಕ್ಕೆ ಬಾಗಿ ಸ್ಪ್ರಿಂಗ್ ಬಿಗಿಯಾಗಿರುತ್ತೆ. ಇನ್ನೊಂದು ಕೂದಲೆಳೆಯಷ್ಟು ಎಳೆದರೆ ಕುದುರೆ ಬೀಳುತ್ತೆ. ತಿರುಗಿಸೋದು, ನಿಲ್ಲಿಸೋದು, ಬಿಗಿಯೋದು, ಹೊಡೆಯೋದು, ನಾಲ್ಕೂ ಒಂದು ಬೆರಳಿನ ಬಲದಿಂದ. ಬ್ಯಾಟರಿ ಇಲ್ಲ, ಅನಿಲದ ಒತ್ತಡದ ನೆರವಿಲ್ಲ. ಒಂದು ತೋಟೆ ಠುಸ್ ಅಂದರೆ ಏನೂ ಸರಿಪಡಿಸಬೇಕಾಗಿಲ್ಲ, ಇನ್ನೊಮ್ಮೆ ಎಳೆದರೆ ಪಕ್ಕದ ಕೋಣೆ ಬಂದು ನಿಲ್ಲುತ್ತೆ.

ಕುಂದೂ ಇದೆ. ತಿರುಗುವ ಸಿಲಿಂಡರಿಗೂ ನಳಿಗೆಗೂ ನಡುವೆ ಒಂದು ಸಣ್ಣ ಸಂದು ಇರಲೇಬೇಕು, ಇಲ್ಲದಿದ್ದರೆ ಅದು ತಿರುಗೋದೇ ಇಲ್ಲ. ಆ ಸಂದಿನಿಂದ ಬಿಸಿ ಅನಿಲ ಸೋರುತ್ತೆ. ರಷ್ಯಾದ 1895ರ ನಾಗಾಂತ್ ರಿವಾಲ್ವರ್‌ನಲ್ಲಿ ಕುದುರೆ ಬಿಗಿಯುವಾಗ ಇಡೀ ಸಿಲಿಂಡರೇ ಮುಂದೆ ಸರಿದು ಈ ಸಂದನ್ನು ಮುಚ್ಚಿಕೊಳ್ಳುತ್ತೆ. ಕಾಲೇಜಿನಲ್ಲಿ ಅದರ ಚಿತ್ರ ನೋಡಿ ಹುಚ್ಚಾಗಿದ್ದೆ. ಆದರೆ ಅದರ ಟ್ರಿಗರ್ ಎಳೆಯೋದು ಕೆಟ್ಟು ಕೂತ ಹ್ಯಾಂಡ್‌ಬ್ರೇಕ್ ಎಳೆದಂಗೆ ಅಂತ ಆಮೇಲೆ ತಿಳೀತು. ಜಾಣತನಕ್ಕೆ ಬೆಲೆ ತೆರಬೇಕಾಗುತ್ತೆ.

ವೆಬ್ಲಿಯದ್ದು ಅಂಥ ಜಾಣತನ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಕಂಪನಿ, 1887ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ತನ್ನ ಮೊದಲ ಮಾದರಿ ಕೊಟ್ಟಿತು. ಎಡಗಡೆ ಹೆಬ್ಬೆರಳಿಗೆ ಒಂದು ಸನ್ನೆ ಸಿಗುತ್ತೆ. ಅದನ್ನು ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ಮುಂಭಾಗ ಪೂರ್ತಿ ಕೀಲಿನ ಮೇಲೆ ಮಡಚಿಕೊಳ್ಳುತ್ತೆ. ಆಗಲೇ ಸಿಲಿಂಡರ್ ನಡುವಿನಿಂದ ನಕ್ಷತ್ರದ ಆಕಾರದ ತುಂಡೊಂದು ಮೇಲೆದ್ದು ಆರೂ ಖಾಲಿ ಕೋಶಗಳನ್ನು ಒಟ್ಟಿಗೆ ಎತ್ತಿ ಚೆಲ್ಲಿ, ಟಕ್ ಅಂತ ತನ್ನ ಜಾಗಕ್ಕೆ ಹೋಗಿ ಕೂರುತ್ತೆ. ಅಜ್ಜ ಇದನ್ನು ಮಾಡುವಾಗ ನಾನು "ಇನ್ನೊಂದ್ಸಲ" ಅನ್ನುತ್ತಿದ್ದೆ. ಖಾಲಿ ಇದೆಯಾ ಅನ್ನೋದು ಕೋಣೆಯಲ್ಲಿದ್ದ ಎಲ್ಲರಿಗೂ ಒಂದೇ ನೋಟಕ್ಕೆ ಕಾಣುತ್ತೆ. ಆರು ತೂತು, ಆಚೆಗೆ ಬೆಳಕು. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಗುಣ. ಪಿಸ್ತೂಲಿನ ಮ್ಯಾಗಜಿನ್ ತೆಗೆದು "ಖಾಲಿ" ಅಂದುಕೊಂಡವರು ಒಳಗೆ ಉಳಿದಿದ್ದ ಒಂದು ತೋಟೆಯಿಂದ ಮನೆಯವರಿಗೇ ಹೊಡೆದ ಸುದ್ದಿಗಳನ್ನು ಡೆಸ್ಕಿನಲ್ಲಿ ಕೂತು ಎಡಿಟ್ ಮಾಡಿದ್ದೇನೆ.

ಮಡಚುವ ಕೀಲು ಗಟ್ಟಿ ಚೌಕಟ್ಟಿನಷ್ಟು ಬಲವಾದದ್ದಲ್ಲ. ಜೋರು ತೋಟೆ ಹಾಕುತ್ತಾ ಹೋದರೆ ಸಡಿಲ ಆಗುತ್ತೆ. .32 ತೋಟೆ ಮೆತ್ತಗಿನದ್ದು, 1896ರ ಅಮೆರಿಕನ್ ವಿನ್ಯಾಸ. ಹಾಗಾಗಿ ಇಬ್ಬರಿಗೂ ಹೊಂದಾಣಿಕೆ ಆಗಿದೆ. ಆದರೆ ನಮ್ಮ ದೇಶದಲ್ಲಿ ಎಲ್ಲರ ರಿವಾಲ್ವರೂ .32 ಆಗಿರೋದಕ್ಕೆ ಕಾರಣ ಈ ಮೆತ್ತಗಿನ ಗುಣ ಅಲ್ಲ. ಅದು ಕಾನೂನು. ಸೈನ್ಯ, ಪೊಲೀಸರು ಬಳಸುವ ಅಳತೆಗಳು, ಅಂದರೆ 9 ಎಂ.ಎಂ. ಪಿಸ್ತೂಲು, .38 ಮತ್ತು .455 ಕೈಬಂದೂಕು, .303 ರೈಫಲ್, ಇವೆಲ್ಲ ಸಾಮಾನ್ಯ ನಾಗರಿಕರಿಗೆ ನಿಷೇಧಿತ. ಸರ್ಕಾರದ ತೋಟೆ ಜನರ ಬಂದೂಕಿಗೆ ಹೊಂದಬಾರದು ಅನ್ನೋ ಲೆಕ್ಕಾಚಾರ. ಉಳಿದದ್ದರಲ್ಲಿ .32 ಸಲೀಸಾಗಿ ಸಿಗುತ್ತೆ. ನಾವು 'ಆಯ್ಕೆ' ಅಂತ ಅಂದುಕೊಳ್ಳೋದನ್ನ ಬೇರೆ ಯಾರೋ ಮೊದಲೇ ಮಾಡಿಟ್ಟಿರ್ತಾರೆ.

ಯಾರಿಗೆ ಬಂದೂಕು ಇರಬಹುದು ಅನ್ನೋ ಪ್ರಶ್ನೆ ನಮ್ಮ ನೆಲದಲ್ಲಿ ಹಳೇದು, ಮತ್ತು ರಕ್ತ ಹರಿದ ಪ್ರಶ್ನೆ. 1857ರ ಬಂಡಾಯದ ಹೊತ್ತಿಗೆ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಹತಾರ ಒಪ್ಪಿಸಲ್ಲ ಅಂದರು. ಊರಿಗೆ ಬೆಂಕಿ ಇಟ್ಟರು, ಹಲವರನ್ನು ಗಲ್ಲಿಗೇರಿಸಿದರು. ನಾವೆಲ್ಲ ಶಾಲೆಯಲ್ಲಿ ಆ ಲಾವಣಿ ಓದಿದವರೇ. ಅದಾಗಿ ನಾಲ್ಕು ವರ್ಷಕ್ಕೆ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದೇ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ನಿಷ್ಠೆಗೆ ಸಿಕ್ಕ ಬಹುಮಾನ ಅದು. ಇವತ್ತಿನ ಒಂದೇ ರಾಜ್ಯದ ಎರಡು ಮೂಲೆ, ಆಯುಧ ಹಿಡಿಯುವ ಎರಡು ಸಮುದಾಯ. ಒಂದಕ್ಕೆ ನೇಣು, ಇನ್ನೊಂದಕ್ಕೆ ಸನದು. ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದಿದೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಗೆಳೆಯರು ನನಗಿದ್ದಾರೆ. ಅವರ ಭಾವನೆ ಸುಳ್ಳು ಅಂತ ನಾನು ಹೇಳಲ್ಲ. ಹಲಗಲಿಯವರ ಮೊಮ್ಮಕ್ಕಳಿಗೆ ಆ ಭಾವನೆಗೆ ಅವಕಾಶವೇ ಸಿಗಲಿಲ್ಲ ಅನ್ನೋದನ್ನೂ ಮರೆಯಲ್ಲ.

1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದ ಆಯುಧ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಯುರೋಪಿಯನ್ನರನ್ನು ಹೊರಗಿಟ್ಟಿತು. ಆಗಿನಿಂದ ಲೈಸೆನ್ಸ್ ಅನ್ನೋದು 'ಸರ್ಕಾರ ನನ್ನನ್ನು ನಂಬುತ್ತೆ' ಅನ್ನೋದರ ಪುರಾವೆ ಆಯ್ತು. 1959ರ ಹೊಸ ಕಾಯ್ದೆ ಬಂದರೂ ಆ ಗತ್ತು ಹೋಗಲಿಲ್ಲ. ಗೃಹ ಸಚಿವಾಲಯದ ಲೆಕ್ಕದಂತೆ 2016ರ ಕೊನೆಗೆ ದೇಶದಲ್ಲಿ 33.69 ಲಕ್ಷ ಲೈಸೆನ್ಸ್ ಇದ್ದವು. ಅದರಲ್ಲಿ 12.77 ಲಕ್ಷ ಉತ್ತರ ಪ್ರದೇಶ ಒಂದರಲ್ಲೇ. ಕರ್ನಾಟಕದಲ್ಲಿ 1.13 ಲಕ್ಷ. ಇಷ್ಟೊಂದು ಲೈಸೆನ್ಸ್ ಇರುವುದರಿಂದ ಉತ್ತರ ಪ್ರದೇಶದ ಜನ ನಮಗಿಂತ ನೆಮ್ಮದಿಯಾಗಿದ್ದಾರಾ? ನೀವೇ ಹೇಳಿ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಜನ ಸಾಯುವುದು ಎಷ್ಟು ಮಾಮೂಲಾಯ್ತು ಅಂದರೆ, 2019ರ ತಿದ್ದುಪಡಿಯಲ್ಲಿ ಅದಕ್ಕೇ ಬೇರೆ ಶಿಕ್ಷೆ ಇಡಬೇಕಾಯ್ತು. ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒಬ್ಬರಿಗೆ ಮೂರು ಬಂದೂಕು ಇದ್ದ ಮಿತಿಯನ್ನು ಎರಡಕ್ಕೆ ಇಳಿಸಿದ್ದೂ ಆ ತಿದ್ದುಪಡಿಯೇ.

ನಮ್ಮ ಮಲೆನಾಡಿನ ಕೋವಿ ಬೇರೆ ಲೆಕ್ಕ. ಒಂಟಿ ನಳಿಗೆ, ಜೋಡಿ ನಳಿಗೆ, ಕೇಪಿನ ಕೋವಿ, ಎಲ್ಲ ಬೆಳೆ ಕಾಯೋಕೆ. ಹಂದಿ ಬಂತು, ಮಂಗ ಬಂತು, ಒಂದು ಈಡು ಹಾರಿಸಿ ಓಡಿಸ್ತಾರೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಠೇವಣಿ ಇಟ್ಟು ರಸೀದಿ ತಗೋಬೇಕು, ಅಷ್ಟರಲ್ಲಿ ಹಂದಿ ಗದ್ದೆ ಮುಗಿಸಿರುತ್ತೆ. ನಿಯಮದ ಪ್ರಕಾರ ಸ್ಕ್ರೀನಿಂಗ್ ಸಮಿತಿ ಒಬ್ಬೊಬ್ಬರದ್ದೂ ಪರಿಶೀಲಿಸಿ, ಅಪಾಯ ಇದ್ದವರದ್ದನ್ನು ಮಾತ್ರ ತೆಗೆದುಕೊಳ್ಳಬೇಕು. ನಡೆಯೋದು ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸೋದು. ಅಜ್ಜನೂ ಆ ಸಾಲಿನಲ್ಲಿ ನಿಂತು ಬೈಯುತ್ತಿದ್ದರು. ಆದರೆ ರಿವಾಲ್ವರ್‌ಗೆ ಈ ಬೆಳೆ ಕಾಯುವ ನೆಪ ಇಲ್ಲ. ಗೇಣುದ್ದದ ನಳಿಗೆಯೂ ಇಲ್ಲದ ಅದಕ್ಕೆ ಹಂದಿ ಹೆದರಲ್ಲ. ಅದನ್ನು ಮಾಡಿದ್ದೇ ಇನ್ನೊಬ್ಬ ಮನುಷ್ಯನನ್ನು, ಮಾತಾಡುವಷ್ಟು ಹತ್ತಿರದಲ್ಲಿ ನಿಂತು, ಹೊಡೆಯೋದಕ್ಕೆ. ಎಷ್ಟೇ ಎಣ್ಣೆ ಹಾಕಿ ಒರೆಸಿದರೂ ಹೋಗದ ಸಂಗತಿ ಇದು. ರ‍್ಯಾಚೆಟ್ ಬಗ್ಗೆ ಅರ್ಧ ಗಂಟೆ ಖುಷಿಯಿಂದ ಮಾತಾಡುವ ನನ್ನಂಥವರು ಇದನ್ನು ಒಂದೇ ಸಾಲಿನಲ್ಲಿ ದಾಟಿಬಿಡ್ತೀವಿ.

ಈ ಸಾಲನ್ನು ದಾಟಲಿಕ್ಕೆ ಸರ್ಕಾರವೇ ದಾರಿ ಮಾಡಿಕೊಟ್ಟಿದೆ. ದೆಹಲಿಯ ನಿರ್ಭಯಾ ಪ್ರಕರಣದ ನಂತರ, 2014ರ ಜನವರಿಯಲ್ಲಿ, ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ 'ನಿರ್ಭೀಕ್' ಅನ್ನುವ ರಿವಾಲ್ವರ್ ತಂದಿತು. ಮಹಿಳೆಯರಿಗೆಂದೇ ಮಾಡಿದ್ದು ಅಂತ ಪ್ರಚಾರ. ಅರ್ಧ ಕೇಜಿ ತೂಕ, ಟೈಟೇನಿಯಂ ಮಿಶ್ರಲೋಹ, ಅದೇ .32, ಅದೇ ವೆಬ್ಲಿ ವಂಶದ ಮಡಚುವ ಮೈ. ಬೆಲೆ 1,22,360 ರೂಪಾಯಿ. ಒಡವೆ ಪೆಟ್ಟಿಗೆಯಂಥ ಡಬ್ಬಿಯಲ್ಲಿಟ್ಟು ಕೊಡುತ್ತಿದ್ದರು. ಇಂಜಿನಿಯರ್ ಆಗಿ ನೋಡಿದರೆ ಚೆಂದದ ಕೆಲಸ. ಆದರೆ ರಾತ್ರಿ ಬಸ್ಸು ಹತ್ತುವ ಯಾವ ನರ್ಸ್, ಯಾವ ಗಾರ್ಮೆಂಟ್ಸ್ ಹುಡುಗಿ ಈ ದುಡ್ಡು ಕೊಡ್ತಾಳೆ? ಲೈಸೆನ್ಸ್ ಕೇಳಿಕೊಂಡು ಯಾವ ಠಾಣೆಯ ಮೆಟ್ಟಿಲು ಹತ್ತುತ್ತಾಳೆ? ಬೀದಿದೀಪ, ಬಸ್ಸು, ದೂರು ಬರೆದುಕೊಳ್ಳುವ ಪೊಲೀಸ್, ಇವೆಲ್ಲ ಸರ್ಕಾರದ ಕೆಲಸ. ಅದನ್ನು ಲಕ್ಷ ರೂಪಾಯಿಯ ಡಬ್ಬಿಗೆ ಹಾಕಿ ಹೆಣ್ಣುಮಗಳ ಬ್ಯಾಗಿಗೆ ದಾಟಿಸಿದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತೆ. 2023ರಲ್ಲಿ ಅದೇ ಕಾನ್ಪುರದಿಂದ 'ಪ್ರಬಲ್' ಬಂತು. ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತೆ, 50 ಮೀಟರ್ ದೂರಕ್ಕೆ ಗುರಿ ಇಡಬಹುದು ಅಂತ ಜಾಹೀರಾತು. ಆತ್ಮರಕ್ಷಣೆಗೆ 50 ಮೀಟರ್ ಯಾಕೆ ಬೇಕು? ಅಷ್ಟು ದೂರದಲ್ಲಿ ಇರುವವನಿಂದ ನಾನಾದರೆ ಓಡ್ತೀನಿ.

ಇನ್ನು ದೊಡ್ಡಪ್ಪ ಹೇಳಿದ "ನಿಂಗೇ ಬೇಕಾಗಬಹುದು" ಅನ್ನೋ ಮಾತು. ಅವರು ಸುಮ್ಮನೆ ಹೇಳಲಿಲ್ಲ. ಒಂದು ಲೇಖನದ ನಂತರ ನನಗೆ ಬಂದ ಮೆಸೇಜುಗಳನ್ನು ನಮ್ಮ ಅಣ್ಣ ಮನೆಯವರಿಗೆ ತೋರಿಸಿಬಿಟ್ಟಿದ್ದ. ಮನೆ ಅಡ್ರೆಸ್ ಬರೆದು ಕೆಳಗೆ ಒಂದು ನಗುವ ಮುಖ ಹಾಕಿದ್ದ ಮೆಸೇಜನ್ನು ಅಮ್ಮ ಎರಡು ಸಲ ಓದಿದಳು. ನಾನು ಈ ಕೆಲಸಕ್ಕೆ ಬಂದು ಸ್ವಲ್ಪ ಕಾಲಕ್ಕೇ, 2017ರ ಸೆಪ್ಟೆಂಬರ್ 5ರ ಸಂಜೆ, ಗೌರಿ ಲಂಕೇಶರನ್ನು ಅವರ ಮನೆ ಬಾಗಿಲಲ್ಲೇ ಕೊಂದರು. ಅದಕ್ಕೆ ಎರಡು ವರ್ಷ ಮೊದಲು, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು. ಎರಡಕ್ಕೂ ಬಳಸಿದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಹೇಳಿತು. ಇಂಚಿನ ಲೆಕ್ಕದಲ್ಲಿ ಅದು .32. ತೋಟೆ ಬೇರೆ, ಅಳತೆ ಹೆಚ್ಚುಕಡಿಮೆ ಅಜ್ಜನದ್ದೇ.

ಒಂದೇ ಆಯುಧ ಅಂತ ಗೊತ್ತಾಗಿದ್ದು ಹೇಗೆ? ಪಿಸ್ತೂಲು ಖಾಲಿ ಕೋಶವನ್ನು ಸ್ಥಳದಲ್ಲೇ ಉಗುಳಿ ಹೋಗುತ್ತೆ. ಅದರ ಬೆನ್ನಿನ ಮೇಲೆ ಹೊಡೆಮೊಳೆ ಬಿಟ್ಟ ಗುರುತು, ಗುಂಡಿನ ಮೈಮೇಲೆ ನಳಿಗೆ ಗೀಚಿದ ಗೆರೆ, ಇವನ್ನು ಸೂಕ್ಷ್ಮದರ್ಶಕದ ಕೆಳಗೆ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ರಿವಾಲ್ವರ್ ಆಗಿದ್ದರೆ ಆ ಖಾಲಿ ಕೋಶಗಳು ಅದರ ಹೊಟ್ಟೆಯಲ್ಲೇ ಉಳಿದು ಕೊಂದವನ ಜೊತೆ ಹೋಗಿಬಿಡುತ್ತಿದ್ದವು. ಗುಂಡು ಮಾತ್ರ ಸಿಗುತ್ತಿತ್ತು. ನನ್ನ ಮೆಚ್ಚಿನ ಯಂತ್ರದ ಅಚ್ಚುಕಟ್ಟುತನಕ್ಕೆ ಇಂಥದ್ದೊಂದು ಮುಖ ಇದೆ ಅಂತ ಹೊಳೆದ ದಿನ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಆ ಎರಡು ಬಾಗಿಲುಗಳಲ್ಲೇ ಇದೆ. ಕಲಬುರ್ಗಿಯವರ ಮನೆ ಬಾಗಿಲು ತಟ್ಟಿದವರಿಗೆ ಬಾಗಿಲು ತೆರೆದಿತ್ತು. ಮೇಷ್ಟ್ರನ್ನು ಹುಡುಕಿಕೊಂಡು ಜನ ಬರುವ ಮನೆ ಅದು. ಗೌರಿ ಕೆಲಸ ಮುಗಿಸಿ ಬಂದು ತಮ್ಮದೇ ಗೇಟಿನ ಹತ್ತಿರ ಇದ್ದರು. ಬೀರುವಿನಲ್ಲೋ ಬ್ಯಾಗಿನಲ್ಲೋ ಆರು ತೋಟೆ ಇದ್ದಿದ್ದರೆ ಏನಾಗುತ್ತಿತ್ತು? ಅದು ಉಪಯೋಗಕ್ಕೆ ಬರಬೇಕಾದರೆ ಅವರು ಬಾಗಿಲಿಗೆ ಬರುವ ಪ್ರತಿಯೊಬ್ಬ ಹುಡುಗನ ಕೈಯನ್ನು ಮೊದಲು ನೋಡಿ, ಆಮೇಲೆ ಮುಖ ನೋಡಬೇಕಿತ್ತು. ಹಾಗೆ ಬದುಕೋಕೆ ಶುರುಮಾಡಿದ ಪತ್ರಕರ್ತ ಯಾರ ಜೊತೆ ಕೂತು ಮಾತಾಡ್ತಾನೆ, ಏನನ್ನ ಬರೀತಾನೆ?

ನನ್ನ ಸಹೋದ್ಯೋಗಿಯೊಬ್ಬಳು ಇದನ್ನು ಒಪ್ಪಲಿಲ್ಲ. "ಬೇಡ ಅನ್ನೋಕೆ ನಿಂಗೆ ಅನುಕೂಲ ಇದೆ. ನಾನಾಗಿದ್ರೆ ಇಟ್ಕೋತಿದ್ದೆ" ಅಂದಳು. ರಾತ್ರಿ ಒಬ್ಬಳೇ ವರದಿಗೆ ಹೋಗುವವಳು. ಬೀನಾ ದಾಸ್ ಹೆಸರನ್ನೂ ಎತ್ತಿದಳು. ಆಕೆಗೆ ಕೊಡೋಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಬೀನಾ ಹೊರಟಿದ್ದು ತನ್ನನ್ನು ಕಾಪಾಡಿಕೊಳ್ಳೋಕಲ್ಲ, ಸಿಕ್ಕಿಬೀಳೋದು ಖಚಿತ ಅಂತ ಗೊತ್ತಿದ್ದೇ ಹೊರಟವಳು ಅಂದೆ. "ಅದು ನಿನ್ನ ಎಡಿಟೋರಿಯಲ್ ಉತ್ತರ" ಅಂದಳು.

ಕಾನೂನಿನ ಮಟ್ಟಿಗೆ ಕೆಲಸ ಕಷ್ಟದ್ದೇನಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಇದ್ದವರು ತೀರಿಕೊಂಡರೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಉಳಿದವರು ಆಕ್ಷೇಪಣೆ ಇಲ್ಲ ಅಂತ ಬರೆದುಕೊಡಬೇಕು. ಪೊಲೀಸ್ ಪರಿಶೀಲನೆ, ತರಬೇತಿಯ ಸರ್ಟಿಫಿಕೇಟ್, ಜಿಲ್ಲಾಧಿಕಾರಿ ಕಚೇರಿ ಅಥವಾ ಬೆಂಗಳೂರಾದರೆ ಪೊಲೀಸ್ ಕಮಿಷನರ್ ಕಚೇರಿ. ಅಲ್ಲಿಯವರೆಗೆ ಆಯುಧ ಮನೆಯಲ್ಲಿರುವಂತಿಲ್ಲ, ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಠೇವಣಿ ಇಡಬೇಕು. ಲೈಸೆನ್ಸ್ ಇರುವ ಬೇರೆಯವರಿಗೆ ಮಾರಬಹುದು, ಬೇಡ ಅಂದರೆ ಸರ್ಕಾರಕ್ಕೆ ಒಪ್ಪಿಸಬಹುದು. ನಿಮ್ಮ ಮನೆಯಲ್ಲೂ ಹಿರಿಯರ ಕೋವಿ ಇದ್ದರೆ ಇದನ್ನು ಮುಂದೂಡಬೇಡಿ. ಸತ್ತವರ ಲೈಸೆನ್ಸಿನ ಮೇಲೆ ಇಟ್ಟುಕೊಂಡಿದ್ದು ಅಕ್ರಮ ಆಯುಧವೇ ಆಗುತ್ತೆ, ಎಷ್ಟೇ ಪ್ರೀತಿ ಇದ್ದರೂ.

ನಾನು ಅರ್ಜಿ ತಂದಿದ್ದೆ. ಹೆಸರು, ವಯಸ್ಸು, ವೃತ್ತಿ ತುಂಬಿಸಿದೆ. 'ಆಯುಧ ಬೇಕಾಗಿರುವ ಕಾರಣ' ಅನ್ನೋ ಕಡೆ ಪೆನ್ ನಿಂತಿತು. ರ‍್ಯಾಚೆಟ್ ಅಂತ ಬರೆಯೋ ಹಾಗಿಲ್ಲ, ಅಜ್ಜ ಅಂತಲೂ ಬರೆಯೋ ಹಾಗಿಲ್ಲ. ಆತ್ಮರಕ್ಷಣೆ ಅಂತ ಬರೆಯಬೇಕು. ಬರೆದರೆ, ನಾನು ಒಬ್ಬ ಮನುಷ್ಯನ ಮೇಲೆ ಗುಂಡು ಹಾರಿಸಲು ತಯಾರಿದ್ದೇನೆ ಅಂತ ಸಹಿ ಹಾಕಿದಂತೆ. ತಯಾರಿಲ್ಲ.

ಹಾಸನದ ಅಂಗಡಿಯಲ್ಲಿ ಅದನ್ನು ಮಾರಾಟಕ್ಕೆ ಕೊಟ್ಟೆವು. ಅಂಗಡಿಯವರು ನಂಬರ್ ನೋಡಿ ಬರೆದುಕೊಂಡು, ಹೆಬ್ಬೆರಳಲ್ಲಿ ಸನ್ನೆ ಒತ್ತಿ ಮಡಚಿದರು. ನಕ್ಷತ್ರ ಎದ್ದು ಟಕ್ ಅಂತ ಕೂತಿತು. "ಚೆನ್ನಾಗಿ ನೋಡ್ಕೊಂಡಿದಾರೆ ಯಜಮಾನ್ರು" ಅಂದರು. ಇನ್ನೊಂದ್ಸಲ ಅನ್ನೋಣ ಅನ್ನಿಸಿತು, ಅನ್ನಲಿಲ್ಲ. ಚರ್ಮದ ಚೀಲಕ್ಕೆ ಲೈಸೆನ್ಸ್ ಬೇಕಿಲ್ಲ ಅಂತ ವಾಪಸ್ ಕೊಟ್ಟರು. ಅದು ಈಗ ನನ್ನ ಟೇಬಲ್ ಮೇಲಿದೆ. ಕನ್ನಡಕ ಇಟ್ಟುಕೊಳ್ಳೋಣ ಅಂತ ನೋಡಿದೆ, ಹಿಡಿಸಲ್ಲ.